ಛತ್ರದವನ ಬಾಗಿಲು

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನ ಸಾಮತಿಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅವನನ್ನು ಕಂಡೂ ಕಾಣದಂತೆ ಸರಿದುಹೋದ ಯಾಜಕನನ್ನು ಬಲ್ಲೆವು, ಲೇವಿಯನನ್ನು ಬಲ್ಲೆವು, ಗಾಯಕ್ಕೆ ಎಣ್ಣೆ ಸವರಿ ಕಟ್ಟು ಕಟ್ಟಿದ ಸಮಾರಿಯದವನನ್ನಂತೂ ಮರೆಯುವ ಹಾಗೆಯೇ ಇಲ್ಲ. ಆದರೆ ಆ ಕಥೆಯ ಕೊನೆಯಲ್ಲಿ ಇನ್ನೊಬ್ಬನಿದ್ದಾನೆ. ಅವನಿಗೆ ಹೆಸರಿಲ್ಲ, ಅವನು ಒಂದು ಮಾತನ್ನೂ ಆಡುವುದಿಲ್ಲ. ಅವನೇ ಛತ್ರದವನು. ಸಮಾರಿಯದವನು ಎರಡು ಬೆಳ್ಳಿ ನಾಣ್ಯಗಳನ್ನು ಅವನ ಕೈಯಲ್ಲಿಟ್ಟು, ಈ ಮನುಷ್ಯನನ್ನು ನೋಡಿಕೊ, ಹೆಚ್ಚಿಗೆ ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆ ಎನ್ನುತ್ತಾನೆ.

ಈ ಛತ್ರದವನು ಪುಣ್ಯಾತ್ಮನೋ ಅಲ್ಲವೋ ಶುಭಸಂದೇಶ ಹೇಳುವುದಿಲ್ಲ. ಅವನೊಬ್ಬ ವ್ಯಾಪಾರಿ, ಹಣ ಪಡೆದು ಜಾಗ ಕೊಡುವುದು ಅವನ ಕಸುಬು. ಆದರೂ ಆ ಸಂಜೆ ಅವನು ಒಂದು ತೀರ್ಮಾನ ಮಾಡಲೇಬೇಕಾಗಿತ್ತು. ಬಾಗಿಲಲ್ಲಿ ನಿಂತವನು ಯೆಹೂದ್ಯರು ತಿರಸ್ಕರಿಸುತ್ತಿದ್ದ ಜನಾಂಗದವನು. ಅವನ ತೋಳಿನಲ್ಲಿದ್ದವನೋ, ರಕ್ತ ಸುರಿಯುತ್ತಿದ್ದ ಅಪರಿಚಿತ. ಇವರಿಗೆ ಜಾಗ ಕೊಟ್ಟರೆ ಉಳಿದ ಗಿರಾಕಿಗಳು ಏನೆನ್ನುವರೋ ಎಂಬ ಯೋಚನೆ ಅವನಿಗೆ ಬಾರದೆ ಇದ್ದೀತೇ? ಬಾಗಿಲು ತೆರೆಯುವುದು ವ್ಯಾಪಾರದ ವಿಷಯವೋ ಆತ್ಮಸಾಕ್ಷಿಯ ವಿಷಯವೋ ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಸಲಿಂಗಪ್ರೇಮಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ತಮ್ಮದೇ ಅಂಗಡಿಬೀದಿಗಳನ್ನು ಕಟ್ಟಿಕೊಂಡ ಒಂದು ನಗರವನ್ನು ನೋಡೋಣ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ. ಅಸಿಸಿಯ ಸಂತ ಫ್ರಾನ್ಸಿಸರ ಹೆಸರನ್ನು ಹೊತ್ತ ನಗರ.

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ರಣಭೂಮಿಗೆ ಹೊರಟ ಸೈನಿಕರು ಹಡಗು ಹತ್ತಿದ್ದು ಈ ಬಂದರಿನಲ್ಲಿ. ಸಲಿಂಗಪ್ರೇಮಿಗಳೆಂದು ಗುರುತಿಸಲ್ಪಟ್ಟವರನ್ನು ಸೇನೆಯು ಕಳಂಕದ ಪತ್ರ ಕೊಟ್ಟು ಹೊರಹಾಕುತ್ತಿತ್ತು. ಆ ಪತ್ರ ಹಿಡಿದು ಹುಟ್ಟೂರಿಗೆ ಮರಳುವ ಧೈರ್ಯವಿಲ್ಲದ ಅನೇಕರು ಈ ನಗರದಲ್ಲಿಯೇ ಉಳಿದರು. ಒಬ್ಬರನ್ನೊಬ್ಬರು ಕಾಣಲು ಅವರಿಗಿದ್ದ ಜಾಗವೆಂದರೆ ಕೆಲವು ಪಾನಗೃಹಗಳು. ಅಲ್ಲಿಯೂ ನೆಮ್ಮದಿಯಿರಲಿಲ್ಲ. ಇಂಥವರು ಸೇರುತ್ತಾರೆಂಬ ಒಂದೇ ಕಾರಣಕ್ಕೆ ಪಾನಗೃಹದ ಪರವಾನಗಿಯನ್ನು ಕಿತ್ತುಕೊಳ್ಳಬಹುದಾಗಿತ್ತು. ಮಾಂಟ್ಗೊಮರಿ ಬೀದಿಯ ಬ್ಲ್ಯಾಕ್ ಕ್ಯಾಟ್ ಎಂಬ ಪಾನಗೃಹದ ಮಾಲೀಕ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ. 1951ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಸಲಿಂಗಪ್ರೇಮಿಗಳು ಬಂದು ಕುಳಿತುಕೊಳ್ಳುತ್ತಾರೆಂಬುದಷ್ಟೇ ಪರವಾನಗಿ ತಡೆಯಲು ಸಾಕಾದ ಕಾರಣವಲ್ಲವೆಂದು ತೀರ್ಪಿತ್ತಿತು. ಮುಂದೆ ಶಾಸನವನ್ನು ಬಿಗಿಗೊಳಿಸಿ ಅಧಿಕಾರಿಗಳು ಬೇರೆ ದಾರಿ ಕಂಡುಕೊಂಡರು. 1963ರಲ್ಲಿ ಆ ಪಾನಗೃಹ ಪರವಾನಗಿಯನ್ನು ಕಳೆದುಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, 1962ರಲ್ಲಿ, ಇಂತಹ ಪಾನಗೃಹಗಳ ಮಾಲೀಕರೂ ನೌಕರರೂ ಕೂಡಿ ‘ಟ್ಯಾವರ್ನ್ ಗಿಲ್ಡ್’ ಎಂಬ ಸಂಘವನ್ನು ಕಟ್ಟಿದ್ದರು. ಅಮೆರಿಕದಲ್ಲಿ ಸಲಿಂಗಪ್ರೇಮಿಗಳ ವ್ಯಾಪಾರಿ ಸಂಘಗಳಲ್ಲಿ ಅದೇ ಮೊದಲನೆಯದು. ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳಾಗಿದ್ದವರು ಪರಸ್ಪರ ರಕ್ಷಣೆಗಾಗಿ ಒಟ್ಟಾದರು.

ಈ ಕಥೆಯಲ್ಲಿ ಕ್ರೈಸ್ತ ಬೋಧಕರೂ ಬರುತ್ತಾರೆ. 1964ರಲ್ಲಿ ಕೆಲವು ಪ್ರೊಟೆಸ್ಟೆಂಟ್ ಬೋಧಕರು ಸಲಿಂಗಪ್ರೇಮಿಗಳ ಮುಖಂಡರೊಡನೆ ಕುಳಿತು ಮಾತನಾಡಿ, ಧರ್ಮ ಮತ್ತು ಸಲಿಂಗಪ್ರೇಮಿಗಳ ಕುರಿತ ಒಂದು ಸಮಿತಿಯನ್ನು ರಚಿಸಿದರು. ಆ ಸಮಿತಿಯ ಸಹಾಯಾರ್ಥವಾಗಿ 1965ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯಾ ಹಾಲ್ ಎಂಬ ಸಭಾಂಗಣದಲ್ಲಿ ಒಂದು ನೃತ್ಯಕೂಟ ಏರ್ಪಾಟಾಯಿತು. ಒಳಗೆ ಹೋಗುವ ಪ್ರತಿಯೊಬ್ಬರ ಮುಖಕ್ಕೂ ಪೊಲೀಸರು ಕ್ಯಾಮರಾ ಹಿಡಿದರು. ತಡೆಯಲು ನಿಂತ ವಕೀಲರನ್ನು ಬಂಧಿಸಿದರು. ಮರುದಿನ ಬೋಧಕರು ಪತ್ರಕರ್ತರನ್ನು ಕರೆದು ತಾವು ಕಣ್ಣಾರೆ ಕಂಡದ್ದನ್ನು ಹೇಳಿದರು. ಆ ವಕೀಲರ ಮೇಲಿನ ಮೊಕದ್ದಮೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನೊಂದವರು ಇದನ್ನೇ ವರ್ಷಗಳಿಂದ ಹೇಳುತ್ತಿದ್ದರು, ಕೇಳುವವರಿರಲಿಲ್ಲ. ಮಾನವಂತರೆನಿಸಿಕೊಂಡವರು ಹೇಳಿದಾಗ ನಗರ ಕಿವಿಗೊಟ್ಟಿತು. ಇದರಲ್ಲಿ ಸಂತೋಷಪಡುವುದಕ್ಕಿಂತ ಚಿಂತಿಸಬೇಕಾದದ್ದೇ ಹೆಚ್ಚು. ನೊಂದವನ ಸಾಕ್ಷ್ಯಕ್ಕೆ ಬೆಲೆ ಬರಲು ಇನ್ನೊಬ್ಬರ ದೃಢೀಕರಣ ಏಕೆ ಬೇಕಾಗುತ್ತದೆ?

ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಹೇಳಬೇಕು. ಟೆಂಡರ್‌ಲಾಯಿನ್ ಎಂಬ ಬಡವರ ಬಡಾವಣೆಯಲ್ಲಿ ರಾತ್ರಿಯಿಡೀ ತೆರೆದಿರುತ್ತಿದ್ದ ಕಾಂಪ್ಟನ್ಸ್ ಎಂಬ ಉಪಾಹಾರ ಗೃಹವಿತ್ತು. ಹುಟ್ಟಿನಿಂದ ಗಂಡೆಂದು ಗುರುತಿಸಲ್ಪಟ್ಟು ಹೆಣ್ಣಾಗಿ ಬದುಕುತ್ತಿದ್ದವರಿಗೆ ಒಂದು ಲೋಟ ಕಾಫಿಯ ಮುಂದೆ ರಾತ್ರಿ ಕಳೆಯಲು ಇದ್ದ ಕೆಲವೇ ತಾಣಗಳಲ್ಲಿ ಅದೊಂದು. 1966ರ ಆಗಸ್ಟ್ ತಿಂಗಳ ಒಂದು ರಾತ್ರಿ ಪೊಲೀಸನೊಬ್ಬ ಅವರಲ್ಲೊಬ್ಬಳ ಮೇಲೆ ಕೈಮಾಡಿದಾಗ ಅವಳು ಕಾಫಿಯನ್ನು ಅವನ ಮುಖಕ್ಕೆ ಎರಚಿದಳು. ಮೇಜುಗಳು ಉರುಳಿದವು, ಗಾಜುಗಳು ಒಡೆದವು. ಹಿಂಸೆಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಕುಳಿತುಕೊಳ್ಳಲು ಒಂದು ಕುರ್ಚಿಯೂ ಉಳಿಯದಂತೆ ಮಾಡಿದಾಗ ಮನುಷ್ಯನ ಒಳಗೆ ಏನಾಗುತ್ತದೆಂಬುದನ್ನು ಅರಿಯದೆ ಆ ರಾತ್ರಿಗೆ ತೀರ್ಪು ಕೊಡುವುದು ನ್ಯಾಯವಾಗದು.

ಇನ್ನು ಕ್ಯಾಸ್ಟ್ರೋ ಬೀದಿಗೆ ಬರೋಣ. ಒಂದು ಕಾಲಕ್ಕೆ ಯುರೇಕಾ ಕಣಿವೆ ಎಂದು ಕರೆಯಲ್ಪಡುತ್ತಿದ್ದ ಈ ಬಡಾವಣೆ ದುಡಿಯುವ ವರ್ಗದವರ ನೆಲೆ. ಐರಿಷ್ ಮೂಲದ ಕಥೋಲಿಕರು ಅಲ್ಲಿ ಬಹಳವಾಗಿದ್ದರು. ಅವರಿಗಾಗಿ 1900ರಲ್ಲಿ ಮೋಸ್ಟ್ ಹೋಲಿ ರಿಡೀಮರ್, ಅಂದರೆ ಪರಮಪವಿತ್ರ ಲೋಕೋದ್ಧಾರಕರ ಧರ್ಮಕೇಂದ್ರ ಸ್ಥಾಪನೆಯಾಯಿತು. ಯುದ್ಧಾನಂತರ ಈ ಕುಟುಂಬಗಳು ಒಂದೊಂದಾಗಿ ಹೊರವಲಯದ ಹೊಸ ಬಡಾವಣೆಗಳತ್ತ ಹೊರಟವು. ಹಳೆಯ ಮರದ ಮನೆಗಳು ಅಗ್ಗವಾದವು. ಅವನ್ನು ಕೊಂಡು, ಬಾಡಿಗೆಗೆ ಪಡೆದು, ಬಣ್ಣ ಬಳಿದು ದುರಸ್ತಿ ಮಾಡಿಕೊಂಡವರಲ್ಲಿ ಸಲಿಂಗಪ್ರೇಮಿಗಳು ಅನೇಕರು.

1972ರಲ್ಲಿ ಇಬ್ಬರು ಮಹಿಳೆಯರು ಕ್ಯಾಸ್ಟ್ರೋ ಮತ್ತು ಮಾರ್ಕೆಟ್ ಬೀದಿಗಳು ಕೂಡುವ ಮೂಲೆಯಲ್ಲಿದ್ದ ಟ್ವಿನ್ ಪೀಕ್ಸ್ ಎಂಬ ಪಾನಗೃಹವನ್ನು ಕೊಂಡರು. ಅವರು ಮಾಡಿದ ಒಂದು ಕೆಲಸ ಚರಿತ್ರೆಯಲ್ಲಿ ಉಳಿಯಿತು. ಬೀದಿಗೆ ಮುಖಮಾಡಿದ ಗೋಡೆಯಲ್ಲಿ ದೊಡ್ಡ ಗಾಜಿನ ಕಿಟಕಿಗಳನ್ನು ತೆರೆದರು. ಅಲ್ಲಿಯವರೆಗೆ ಇಂತಹ ಪಾನಗೃಹಗಳ ಕಿಟಕಿಗಳು ಕಪ್ಪು ಬಣ್ಣದವು ಅಥವಾ ಹಲಗೆ ಬಡಿದವು. ಒಳಗೆ ಕುಳಿತವನ ಮುಖ ಹೊರಗೆ ಕಂಡರೆ ಕೆಲಸ ಹೋಗಬಹುದು, ಮನೆ ಹೋಗಬಹುದು. ಆ ಗಾಜಿನ ಹಿಂದೆ ಕುಳಿತುಕೊಳ್ಳುವುದೆಂದರೆ, ನಾನು ಇಲ್ಲಿದ್ದೇನೆ, ನನ್ನ ಮುಖ ಇದು ಎಂದು ಹೇಳಿದಂತೆ. 2013ರಲ್ಲಿ ನಗರಾಡಳಿತವು ಈ ಕಟ್ಟಡವನ್ನು ಚಾರಿತ್ರಿಕ ಸ್ಮಾರಕವೆಂದು ಘೋಷಿಸಿತು. ಅಂಗಡಿಯೊಂದರ ಕಿಟಕಿಯೂ ನೈತಿಕ ಅರ್ಥವನ್ನು ಪಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ಮರುವರ್ಷ, 1973ರಲ್ಲಿ, ಹಾರ್ವಿ ಮಿಲ್ಕ್ ಎಂಬಾತ ತನ್ನ ಸಂಗಾತಿಯೊಡನೆ ಅದೇ ಬೀದಿಯಲ್ಲಿ ಕ್ಯಾಮರಾ ಅಂಗಡಿಯೊಂದನ್ನು ತೆರೆದ. ಸಲಿಂಗಪ್ರೇಮಿಗಳಿಬ್ಬರು ಹಳೆಯ ಸಾಮಾನಿನ ಅಂಗಡಿ ತೆರೆಯಲು ಹೊರಟಾಗ ಅಲ್ಲಿನ ಹಳೆಯ ವರ್ತಕರ ಸಂಘ ಪರವಾನಗಿ ಸಿಗದಂತೆ ತಡೆಯಲು ನೋಡಿತು. ಆಗ ಮಿಲ್ಕ್ ಮತ್ತಿತರರು ಕ್ಯಾಸ್ಟ್ರೋ ವಿಲೇಜ್ ಅಸೋಸಿಯೇಷನ್ ಎಂಬ ವರ್ತಕರ ಸಂಘ ಕಟ್ಟಿದರು. 1974ರಲ್ಲಿ ಬೀದಿ ಜಾತ್ರೆಯನ್ನು ಏರ್ಪಡಿಸಿದರು, ಸಾವಿರಾರು ಜನ ಬಂದರು. ಅಂದು ದೂರ ನಿಂತಿದ್ದ ಹಳೆಯ ವರ್ತಕರಿಗೂ ಭರ್ಜರಿ ವ್ಯಾಪಾರವಾಯಿತು. ಬಿಯರ್ ಲಾರಿಗಳ ಚಾಲಕರ ಕಾರ್ಮಿಕ ಸಂಘ ಕೂರ್ಸ್ ಕಂಪನಿಯ ವಿರುದ್ಧ ಬಹಿಷ್ಕಾರ ಹೂಡಿದಾಗ, ಮಿಲ್ಕ್ ಕ್ಯಾಸ್ಟ್ರೋದ ಪಾನಗೃಹಗಳನ್ನು ಕಾರ್ಮಿಕರ ಪರವಾಗಿ ನಿಲ್ಲಿಸಿದ. ಪ್ರತಿಯಾಗಿ ಕೇಳಿದ್ದು, ಸಲಿಂಗಪ್ರೇಮಿಗಳಿಗೂ ಚಾಲಕರಾಗಿ ಕೆಲಸ ಕೊಡಿ ಎಂಬುದನ್ನು. ಪರಸ್ಪರ ಗುರುತಿಲ್ಲದ ಎರಡು ಲೋಕಗಳು ವ್ಯಾಪಾರದ ಕಟ್ಟೆಯ ಮೇಲೆ ಕೈಕುಲುಕಿದವು. 1977ರಲ್ಲಿ ಮಿಲ್ಕ್ ನಗರದ ಆಡಳಿತ ಮಂಡಳಿಗೆ ಆಯ್ಕೆಯಾದ. 1978ರ ನವೆಂಬರ್ 27ರಂದು ಅವನನ್ನೂ ಮೇಯರ್ ಜಾರ್ಜ್ ಮಾಸ್ಕೋನಿಯವರನ್ನೂ ಮಂಡಳಿಯ ಮಾಜಿ ಸದಸ್ಯನೊಬ್ಬ ಗುಂಡಿಟ್ಟು ಕೊಂದ. ಆ ರಾತ್ರಿ ಸಾವಿರಾರು ಜನರು ಮೋಂಬತ್ತಿ ಹಿಡಿದು ಕ್ಯಾಸ್ಟ್ರೋದಿಂದ ನಗರಸಭಾ ಭವನಕ್ಕೆ ಮೌನವಾಗಿ ನಡೆದರು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ತಮ್ಮವರ ಅಂಗಡಿ, ತಮ್ಮವರ ಬೀದಿ ಎಂದು ಬೇರೆಯಾಗಿ ಕಟ್ಟಿಕೊಳ್ಳುವುದು ಸಮಾಜವನ್ನು ಒಡೆಯುವುದಲ್ಲವೇ ಎಂದು ಕೇಳುವವರಿದ್ದಾರೆ. ಕೇರಿಗಳಾಗಿ ಒಡೆದ ಊರುಗಳಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಕೇರಿಯಲ್ಲಿ ಎರಡು ಬಗೆ. ಊರಿನವರು ಹೊರದೂಡಿದ್ದರಿಂದ ಆದದ್ದು ಒಂದು, ಹೊರದೂಡಲ್ಪಟ್ಟವರು ಒಬ್ಬರಿಗೊಬ್ಬರು ನೆರಳಾಗಲು ಕಟ್ಟಿಕೊಂಡದ್ದು ಇನ್ನೊಂದು. ಕ್ಯಾಸ್ಟ್ರೋದಲ್ಲಿ ಎರಡೂ ಬೆರೆತಿವೆ. ಬೇರೆ ಬಾಗಿಲನ್ನು ಏಕೆ ಕಟ್ಟಿದಿರಿ ಎಂದು ಅವರನ್ನು ಕೇಳುವ ಮೊದಲು, ಇದ್ದ ಬಾಗಿಲನ್ನು ಯಾರು ಮುಚ್ಚಿದರು ಎಂದು ನಮ್ಮನ್ನು ಕೇಳಿಕೊಳ್ಳುವುದು ನ್ಯಾಯದ ಕ್ರಮ.

1981ರಲ್ಲಿ ಆ ಬೀದಿಗೆ ಸಾವು ಬಂದಿತು. ಆಗಿನ್ನೂ ಹೆಸರಿಲ್ಲದ ಆ ರೋಗಕ್ಕೆ ಮುಂದೆ ಏಡ್ಸ್ ಎಂಬ ಹೆಸರಾಯಿತು. ಬಾಬ್ಬಿ ಕ್ಯಾಂಪ್ಬೆಲ್ ಎಂಬ ದಾದಿ ವೃತ್ತಿಯ ಯುವಕ ತನ್ನ ಪಾದಗಳಲ್ಲಿ ಎದ್ದ ನೇರಳೆ ಮಚ್ಚೆಗಳ ಚಿತ್ರ ತೆಗೆಸಿ ಕ್ಯಾಸ್ಟ್ರೋ ಬೀದಿಯ ಸ್ಟಾರ್ ಫಾರ್ಮಸಿ ಎಂಬ ಔಷಧಿ ಅಂಗಡಿಯ ಕಿಟಕಿಯಲ್ಲಿ ಅಂಟಿಸಿದ. ಇಂಥ ಗುರುತು ನಿಮ್ಮ ಮೈಮೇಲೆ ಕಂಡರೆ ವೈದ್ಯರನ್ನು ನೋಡಿ ಎಂಬುದು ಅವನ ಉದ್ದೇಶ. ರೋಗವನ್ನು ಮುಚ್ಚಿಡುವುದೇ ಮಾನವೆಂದು ಲೋಕ ಭಾವಿಸಿದ್ದಾಗ, ಪರರು ಬದುಕಲೆಂದು ಅವನು ತನ್ನ ಗಾಯವನ್ನು ಬೀದಿಗೆ ತೋರಿಸಿದ. 1984ರಲ್ಲಿ ಅವನು ತೀರಿಕೊಂಡ. ಈ ನಗರವೊಂದರಲ್ಲಿಯೇ ಏಡ್ಸ್‌ನಿಂದ ಸತ್ತವರು ಸುಮಾರು 20,000. ಅವರಲ್ಲಿ ಎಷ್ಟೋ ಜನರ ಹೆಣಕ್ಕೆ ಮನೆಯವರು ಬರಲಿಲ್ಲ. 1987ರಲ್ಲಿ ಮಾರ್ಕೆಟ್ ಬೀದಿಯ ಒಂದು ಅಂಗಡಿಯ ಮಳಿಗೆಯಲ್ಲಿ ಕುಳಿತು ಗೆಳೆಯರೂ ತಾಯಂದಿರೂ ಸತ್ತವರ ಹೆಸರಿನಲ್ಲಿ ಕೌದಿ ಹೊಲಿಯತೊಡಗಿದರು. ಪ್ರತಿ ತುಂಡಿನ ಅಳತೆ ಮೂರು ಅಡಿ ಅಗಲ, ಆರು ಅಡಿ ಉದ್ದ, ಸುಮಾರು ಒಂದು ಸಮಾಧಿಯಷ್ಟು. ಅದೇ ವರ್ಷದ ಅಕ್ಟೋಬರ್ 11ರಂದು ರಾಜಧಾನಿ ವಾಷಿಂಗ್ಟನ್ನಿನ ಬಯಲಿನಲ್ಲಿ ಅದನ್ನು ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು.

ಇಷ್ಟರಲ್ಲಿ ಆ ಧರ್ಮಕೇಂದ್ರ ಏನು ಮಾಡುತ್ತಿತ್ತು? ಅದರ ಹಳೆಯ ಕುಟುಂಬಗಳಲ್ಲಿ ಬಹುಪಾಲು ಹೊರಟುಹೋಗಿದ್ದವು. ಪೀಠಗಳಲ್ಲಿ ಉಳಿದಿದ್ದವರು ಹೆಚ್ಚಾಗಿ ವೃದ್ಧರು, ಅವರಲ್ಲೂ ವಿಧವೆಯರು. ಹೊರಗೆ ಬೀದಿಯ ತುಂಬ ಹೊಸಬರು. ಈ ಹೊಸಬರನ್ನು ತನ್ನವರೆನ್ನಬೇಕೋ ಬಾಗಿಲು ಮುಚ್ಚಿ ಹಳೆಯ ನೆನಪಿನಲ್ಲಿ ಬದುಕಬೇಕೋ ಎಂಬುದು ಅದರ ಮುಂದಿದ್ದ ಆಯ್ಕೆ. 1985ರಲ್ಲಿ ಆ ಧರ್ಮಕೇಂದ್ರದಲ್ಲಿ ಏಡ್ಸ್ ರೋಗಿಗಳ ಸಹಾಯ ಗುಂಪು ಆರಂಭವಾಯಿತು. ಊಟ ಒಯ್ಯುವುದು, ಬಟ್ಟೆ ಒಗೆಯುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕೂರುವುದು, ಇಂಥವೇ ಆ ಸೇವೆಯ ಸ್ವರೂಪ. ಬಲಿಪೂಜೆಯಲ್ಲಿ ನರೆತ ಕೂದಲಿನ ಅಜ್ಜಿಯರೂ ಸಲಿಂಗಪ್ರೇಮಿ ಯುವಕರೂ ಅಕ್ಕಪಕ್ಕದಲ್ಲಿ ಮೊಣಕಾಲೂರಿದರು. ಸಾವು ಬಾಗಿಲಲ್ಲಿ ನಿಂತಿದೆಯೆಂಬ ಅರಿವು ಇಬ್ಬರಿಗೂ ಸಮಾನವಾಗಿತ್ತು. ಕನ್ಯಾಸ್ತ್ರೀಯರು ಬಿಟ್ಟುಹೋಗಿ ಖಾಲಿಯಿದ್ದ ಕನ್ಯಾಮಠದ ಕಟ್ಟಡದಲ್ಲಿ 1987ರಲ್ಲಿ ಮರಣಾಸನ್ನ ರೋಗಿಗಳ ಆರೈಕೆಗೆಂದು ‘ಕಮಿಂಗ್ ಹೋಮ್’ ಎಂಬ ಆಶ್ರಯಧಾಮ ತೆರೆಯಿತು. ಮನೆಗೆ ಮರಳುವುದು ಎಂಬುದೇ ಆ ಹೆಸರಿನ ಅರ್ಥ. ಮನೆಯಿಂದ ಹೊರಹಾಕಲ್ಪಟ್ಟವರಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಯಾರು ಇಟ್ಟಾರು?

ಅದೇ ವರ್ಷದ ಸೆಪ್ಟೆಂಬರ್ 17ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕ್ಯಾಸ್ಟ್ರೋದಿಂದ ನಡೆದುಹೋಗುವಷ್ಟು ದೂರದಲ್ಲಿರುವ ಮಿಷನ್ ಡೊಲೋರೆಸ್ ದೇವಾಲಯಕ್ಕೆ ಬಂದರು. ಅಲ್ಲಿ ಏಡ್ಸ್ ರೋಗಿಗಳನ್ನು ಕಂಡರು, ಆ ಸೋಂಕಿದ್ದ ಪುಟ್ಟ ಬಾಲಕನೊಬ್ಬನನ್ನು ಎತ್ತಿ ಅಪ್ಪಿಕೊಂಡರು. ಮುಟ್ಟಿದರೆ ರೋಗ ಬರುತ್ತದೆಂದು ವಿದ್ಯಾವಂತರೂ ಹೆದರುತ್ತಿದ್ದ ಕಾಲವದು. ದೇವಾಲಯದ ಹೊರಗೆ ಧರ್ಮಸಭೆಯ ನಿಲುವಿನಿಂದ ನೊಂದು ಪ್ರತಿಭಟಿಸುತ್ತಿದ್ದವರೂ ಇದ್ದರು. ಒಳಗಿನ ಅಪ್ಪುಗೆ, ಹೊರಗಿನ ನೋವು, ಎರಡೂ ಆ ದಿನದ ಸತ್ಯಗಳೇ.

ವಿವಾಹದ ಬಗ್ಗೆ, ಲೈಂಗಿಕತೆಯ ಬಗ್ಗೆ ಧರ್ಮಸಭೆಯ ಬೋಧನೆ ಏನೆಂಬುದು ಓದುಗರಿಗೆ ತಿಳಿದದ್ದೇ. ಸಲಿಂಗಪ್ರೇಮಿಗಳನ್ನು ಗೌರವದಿಂದ, ಅನುಕಂಪದಿಂದ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎಂಬುದು ಅದೇ ಧರ್ಮೋಪದೇಶದ ಭಾಗವೆಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ. ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುವುದು ನಮಗೆ ಅನುಕೂಲಕರ. ಆದರೆ ಸಾಮತಿಯ ಕ್ರಮವನ್ನು ಗಮನಿಸಿ. ಗಾಯಗೊಂಡವನ ನಡತೆ ಎಂಥದ್ದು, ಅವನು ಆ ದಾರಿಯಲ್ಲಿ ಏಕೆ ಬಂದ ಎಂದು ಯಾರೂ ವಿಚಾರಿಸುವುದಿಲ್ಲ. ಮೊದಲು ಬಾಗಿಲು ತೆರೆಯುತ್ತದೆ. ವಿಚಾರಣೆ ಮುಗಿದ ಮೇಲೆ ನೆರೆಯವನಾಗುತ್ತೇನೆ ಎನ್ನುವವನು ಎಂದಿಗೂ ನೆರೆಯವನಾಗಲಾರ.

ಹಾಗೆಂದು ಅಂಗಡಿಯೇ ಮೋಕ್ಷದ ದಾರಿಯೆಂದು ತಿಳಿಯಬೇಕಾಗಿಲ್ಲ. ಹಣವು ತೆರೆದ ಬಾಗಿಲನ್ನು ಹಣವೇ ಮುಚ್ಚಬಲ್ಲದು. ಬೀದಿ ಚೆಂದವಾಯಿತು, ಬಾಡಿಗೆ ಏರಿತು. ಕ್ಯಾಸ್ಟ್ರೋದ ‘ಎ ಡಿಫರೆಂಟ್ ಲೈಟ್’ ಎಂಬ ಪುಸ್ತಕದಂಗಡಿ 2011ರಲ್ಲಿ ಮುಚ್ಚಿತು. ಮಹಿಳೆಯರ ತಾಣವಾಗಿದ್ದ ಲೆಕ್ಸಿಂಗ್ಟನ್ ಕ್ಲಬ್ 2015ರಲ್ಲಿ ಮುಚ್ಚಿತು. ಅದರ ಗಿರಾಕಿಗಳು ಆ ಬಡಾವಣೆಯ ಬಾಡಿಗೆ ತೆರಲಾರದೆ ದೂರ ಹೋಗಿಬಿಟ್ಟಿದ್ದರು. 1966ರಿಂದ ನಡೆಯುತ್ತಿದ್ದ ‘ಸ್ಟಡ್’ ಎಂಬ ಪಾನಗೃಹಕ್ಕೂ ಇದೇ ಸಂಕಟ ಬಂದಾಗ, 2016ರಲ್ಲಿ ಅಲ್ಲಿನ ಕಲಾವಿದರೂ ನೌಕರರೂ ಸಹಕಾರಿ ಸಂಘ ಕಟ್ಟಿ ಅದನ್ನು ಕೊಂಡರು. 2020ರ ಮಹಾಮಾರಿಯಲ್ಲಿ ಬಾಗಿಲು ಹಾಕಿದ್ದನ್ನು 2024ರಲ್ಲಿ ಬೇರೆ ಕಟ್ಟಡದಲ್ಲಿ ಮತ್ತೆ ತೆರೆದರು. ಕಾಂಪ್ಟನ್ಸ್ ಇದ್ದ ಬಡಾವಣೆಯ ಒಂದು ಭಾಗವನ್ನು ನಗರವು 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಸಾಂಸ್ಕೃತಿಕ ವಲಯವೆಂದು ಗುರುತಿಸಿತು. ಒಬ್ಬನಿಗೆ ಬೀದಿಯಲ್ಲಿ ಮುಖ ತೋರಿಸುವ ಧೈರ್ಯ ಬಂದ ಮೇಲೂ ಆ ಬೀದಿಯಲ್ಲಿ ಉಳಿಯುವ ಶಕ್ತಿ ಇಲ್ಲದಿದ್ದರೆ ಆ ಬಿಡುಗಡೆ ಅರ್ಧ ಮಾತ್ರ.

ದೂರದ ದೇಶದ ಈ ಮಾತು ನಮಗೇಕೆ ಎನ್ನುವಂತಿಲ್ಲ. ಆ ಕೊಲ್ಲಿ ಪ್ರದೇಶದಲ್ಲಿ ಇಂದು ಸಾವಿರಾರು ಕನ್ನಡಿಗರು ಬದುಕುತ್ತಿದ್ದಾರೆ. ಭಾರತ ಮೂಲದ ಸಲಿಂಗಪ್ರೇಮಿಗಳು ‘ತ್ರಿಕೋಣ್’ ಎಂಬ ಸಂಘವನ್ನು 1986ರಷ್ಟು ಹಿಂದೆಯೇ ಕಟ್ಟಿದ್ದು ಅಲ್ಲಿಯೇ. ನಮ್ಮ ದೇಶದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪು ನೀಡಿತು. 2021ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಮೀಸಲಾತಿ ನೀಡಿತು. ಕಾನೂನು ತನ್ನ ಬಾಗಿಲನ್ನು ಇಷ್ಟಿಷ್ಟೇ ತೆರೆಯುತ್ತಿದೆ. ಮನೆಯ ಬಾಗಿಲು, ಅಂಗಡಿಯ ಬಾಗಿಲು, ದೇವಾಲಯದ ಬಾಗಿಲು ಕಾನೂನಿನ ಕೈಯಲ್ಲಿಲ್ಲ.

ನಮ್ಮ ಪೇಟೆಗಳಲ್ಲಿ ದಿನವೂ ನಡೆಯುವ ಒಂದು ನೋಟವಿದೆ. ಮಂಗಳಮುಖಿಯೊಬ್ಬರು ಅಂಗಡಿಯ ಮುಂದೆ ಬಂದು ಚಪ್ಪಾಳೆ ತಟ್ಟುತ್ತಾರೆ. ಮಾಲೀಕರು ಗಲ್ಲಾ ತೆರೆದು ಹತ್ತು ರೂಪಾಯಿ ಚಾಚುತ್ತಾರೆ. ಕೊಡುವವರಲ್ಲಿ ದೇವರ ಭಯ ಉಳ್ಳವರೂ ಇದ್ದಾರೆ, ಆ ಕೈಯ ಆಶೀರ್ವಾದವನ್ನು ನಂಬಿದವರೂ ಇದ್ದಾರೆ. ಆದರೆ ಬಹಳ ಮಟ್ಟಿಗೆ ಆ ಹತ್ತು ರೂಪಾಯಿ ಅವರು ಬೇಗ ಹೋಗಲೆಂದು ಕೊಡುವ ಹಣ. ಸಮಾರಿಯದವನು ಕೊಟ್ಟ ಎರಡು ನಾಣ್ಯಗಳು ಗಾಯಗೊಂಡವನು ಇರಲೆಂದು ಕೊಟ್ಟ ಹಣ. ದಾನಕ್ಕೂ ಸ್ನೇಹಕ್ಕೂ ಇರುವ ಅಂತರವೆಲ್ಲ ಈ ಎರಡು ಬಗೆಯ ನಾಣ್ಯಗಳ ನಡುವೆ ಅಡಗಿದೆ. ಅದೇ ಅಂಗಡಿಯಲ್ಲಿ ಅವರನ್ನು ಗಲ್ಲಾದ ಮುಂದೆ ನಿಲ್ಲಿಸುವ ಬದಲು ಗಲ್ಲಾದ ಹಿಂದೆ ಕೂರಿಸಿ ಲೆಕ್ಕ ಬರೆಸಲು ಎಷ್ಟು ಜನ ಸಿದ್ಧರಿದ್ದೇವೆ? ಸೊಂಟಕ್ಕೆ ಕೀಲಿಕೈ ಕಟ್ಟಿಕೊಂಡ ಮನೆಯೊಡತಿ, ಬಾಡಿಗೆಗೆ ಬಂದವರ ಬದುಕನ್ನು ಕೆದಕದೆ ಅವರ ನಡತೆಯನ್ನಷ್ಟೇ ನೋಡಿ ಮನೆ ಕೊಡಬಲ್ಲಳೇ? ತನ್ನ ಮನಸ್ಸಿನ ಗುಟ್ಟನ್ನು ಹೇಳಿಕೊಂಡ ಮಗನಿಗೆ, ಈ ಮನೆ ಇನ್ನೂ ನಿನ್ನದೇ ಎಂದು ತಂದೆಯೊಬ್ಬ ಹೇಳಬಲ್ಲನೇ? ಎಲ್ಲಕ್ಕಿಂತ ಕಠಿಣವಾದದ್ದು ಈ ಕೊನೆಯ ಬಾಗಿಲೇ. ಅದು ತೆರೆದಿದ್ದರೆ ಎಷ್ಟೋ ಜನರು ದೂರದ ನಗರದಲ್ಲಿ ಬೇರೆ ಬಾಗಿಲನ್ನು ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ.

ಛತ್ರದವನು ಮುಂದೆ ಏನು ಮಾಡಿದನೆಂದು ಸಾಮತಿ ಹೇಳದೆ ಮುಗಿಯುತ್ತದೆ. ಎರಡು ನಾಣ್ಯಗಳಷ್ಟು ದಿನ ಮಾತ್ರ ನೋಡಿಕೊಂಡನೋ, ಗಾಯ ಮಾಯುವವರೆಗೂ ನೋಡಿಕೊಂಡನೋ ತಿಳಿಯದು. ಹೆಚ್ಚಿಗೆ ಖರ್ಚಾದರೆ ನಾನು ಬಂದು ಕೊಡುತ್ತೇನೆಂಬ ಮಾತು ಮಾತ್ರ ಅವನ ಬಳಿ ಉಳಿದಿದೆ. ಹಿಂತಿರುಗಿ ಬರುವ ಆ ಪಯಣಿಗನು ಪ್ರಭುವೇ ಎಂದು ಧರ್ಮಪಿತೃಗಳು ಅರ್ಥೈಸಿದ್ದಾರೆ. ಹಾಗಾದರೆ ಛತ್ರವನ್ನು ನಡೆಸುವವರು ನಾವು. ಅವನು ಬಂದು ಲೆಕ್ಕ ಕೇಳುವ ದಿನ, ಎಷ್ಟು ಜನರನ್ನು ಒಳಗೆ ಕರೆದೆವು, ಎಷ್ಟು ಜನರಿಗೆ ಚಿಲ್ಲರೆ ಕೊಟ್ಟು ಕಳುಹಿಸಿದೆವು ಎಂಬ ಎರಡು ಕಲಮುಗಳೂ ಆ ಪುಸ್ತಕದಲ್ಲಿ ಇರುತ್ತವೆ.